ಡಿಸ್ಕೌಂಟ್ ಸ್ಟೋರಲ್ಲಿ ಒಳ್ಳೆ ತಿನಿಸು, ಒಳ್ಳೆ ಪಾತ್ರೆ ಹುಡುಕೋದು ಹೇಗೆ

ಡಿಸ್ಕೌಂಟ್ ಸ್ಟೋರಿಗೆ ಹೋದಾಗ ನಾನು ಮೊದಲು ರೇಟ್ ನೋಡಲ್ಲ. ಬಾಟ್ಲಿನೋ ಪಾತ್ರೆನೋ ಕೈಗೆ ತಗೊಂಡು ನಾಲ್ಕೂ ಕಡೆ ತಿರುಗಿಸಿ, ಇದು ಇಲ್ಲಿಗೆ ಯಾಕ್ ಬಂತು ಅಂತ ಕೇಳ್ಕೋತೀನಿ. ಯಾಕಂದ್ರೆ ದೊಡ್ಡ ಅಂಗಡಿಲಿ ದುಬಾರಿಗೆ ಮಾರ್ಬೇಕಾಗಿದ್ದ ಮಾಲು ಇಲ್ಲಿ ಅರ್ಧ ರೇಟಿಗೆ ಬಿದ್ದಿದೆ ಅಂದ್ರೆ ಏನೋ ಒಂದು ಕಾರಣ ಇದ್ದೇ ಇರತ್ತೆ, ಆ ಕಾರಣ ಡಬ್ಬಿ ಮೇಲಿದ್ಯಾ ಇಲ್ಲಾ ಡಬ್ಬಿ ಒಳಗಿದ್ಯಾ ಅನ್ನೋದು ಗೊತ್ತಾದ್ರೆ ತಗೋಬೇಕಾ ಬಿಡ್ಬೇಕಾ ಅನ್ನೋದು ತಾನಾಗೇ ಗೊತ್ತಾಗತ್ತೆ. ಇಷ್ಟು ವರ್ಷ ಇಂಥ ಅಂಗಡಿಗಳನ್ನ ಸುತ್ತಿ ನಾನು ಕಲ್ತಿದ್ದು ಮುಖ್ಯವಾಗಿ ಇದೊಂದೇ, ಮಿಕ್ಕಿದ್ದೆಲ್ಲ ಇದರ ಹಿಂದೆ ಬರೋ ವಿಷಯ.

ಒಳ್ಳೆ ಕಾರಣಗಳು ಬೇಕಾದಷ್ಟಿವೆ. ಕಂಪನಿ ಲೇಬಲ್ ಡಿಸೈನ್ ಬದಲಾಯಿಸ್ತು, ಹಳೇ ಲೇಬಲ್ಲಿನ ಸ್ಟಾಕ್ ಉಳೀತು. ಹಬ್ಬದ ಸೀಸನ್ನಿಗೆ ಅಂತ ಮಾಡಿದ ಗಿಫ್ಟ್ ಡಬ್ಬಿ ಸೀಸನ್ ಮುಗಿದ್ಮೇಲೆ ಯಾರಿಗೂ ಬೇಡ ಆಯ್ತು, ಒಳಗಿರೋ ಚಾಕೊಲೇಟ್ ಮಾತ್ರ ಅದೇ. ಇಂಪೋರ್ಟ್ ಮಾಡೋರು ಜಾಸ್ತಿ ತರಿಸಿಬಿಟ್ರು, ದೊಡ್ಡ ಅಂಗಡಿಯೋರು ಆರ್ಡರ್ ಕ್ಯಾನ್ಸಲ್ ಮಾಡಿದ್ರು, ಹೊರಗಿನ ರಟ್ಟಿನ ಪೆಟ್ಟಿಗೆ ಹರೀತು, ಪಾತ್ರೆ ಕಲರ್ ಈ ವರ್ಷ ನಿಂತುಹೋಯ್ತು, ಆರರ ಸೆಟ್ಟಲ್ಲಿ ಒಂದು ಒಡೆದು ಐದೇ ಉಳೀತು. ಇದ್ಯಾವುದರಿಂದಲೂ ರುಚಿ ಕೆಡಲ್ಲ, ಅಡುಗೆನೂ ಕೆಡಲ್ಲ. ಕೆಟ್ಟ ಕಾರಣಗಳು ಅಂದ್ರೆ ಬಿಸಿ ಗೋಡೌನಲ್ಲಿ ತಿಂಗಳುಗಟ್ಲೆ ಕೂತಿದ್ದು, ಡೇಟ್ ಮುಗೀತಾ ಬಂದಿದ್ದು, ಪಾತ್ರೆಯಲ್ಲೇ ದೋಷ ಇರೋದು. ಇನ್ನೊಂದು ಇದೆ, ಇದು ಸುಮಾರು ಜನಕ್ಕೆ ಹೊಳೆಯಲ್ಲ: ಕೆಲವು ಬ್ರ್ಯಾಂಡುಗಳು ಡಿಸ್ಕೌಂಟ್ ಅಂಗಡಿಗಳಿಗೆ ಅಂತಾನೇ ಬೇರೆ ಮಾಲು ಮಾಡಿಸ್ತಾವೆ, ಹೆಸರು ಅದೇ, ಆದ್ರೆ ಲೋಹ ತೆಳು, ಹಿಡಿ ಹಗುರ. ಅದು ಉಳಿದ ಸ್ಟಾಕ್ ಅಲ್ಲ, ಮೊದಲಿಂದಲೇ ಅಗ್ಗದ್ದು. ಹಾಗಾಗಿ ಬ್ರ್ಯಾಂಡ್ ಹೆಸರು ನೋಡಿ ಖುಷಿಯಾಗೋ ಮುಂಚೆ ಮಾಡೆಲ್ ಹೆಸರನ್ನ ಫೋನಲ್ಲಿ ಹಾಕಿ ನೋಡಿ, ಆ ಕಂಪನಿಯ ಮಾಮೂಲಿ ಸಾಲಿನಲ್ಲಿ ಆ ಮಾಡೆಲ್ ಇದ್ಯಾ ಇಲ್ವಾ ಅಂತ ಅಲ್ಲೇ ಗೊತ್ತಾಗತ್ತೆ.

ಟ್ಯಾಗ್ ಮೇಲೆ ಅಡ್ಡ ಗೀಟು ಹಾಕಿ ಬರೆದಿರೋ "ಅಸಲಿ ಬೆಲೆ"ನ ನಾನು ಲೆಕ್ಕಕ್ಕೇ ತಗೊಳ್ಳಲ್ಲ. ಅದನ್ನ ಬರೆದಿರೋದು ಮಾರೋರು. ನಿಮಗೆ ಬೇಕಾಗಿರೋ ಹತ್ತು ಹದಿನೈದು ಐಟಂಗಳ ಮಾಮೂಲಿ ರೇಟು, 100 ಗ್ರಾಮಿಗೆ ಇಷ್ಟು, 100 ಎಂಎಲ್ಲಿಗೆ ಇಷ್ಟು ಅಂತ ಫೋನಲ್ಲಿ ಬರೆದಿಟ್ಕೊಳ್ಳಿ. ಅಂದದ ಸಣ್ಣ ಬಾಟ್ಲಿಗಳು ಅಗ್ಗ ಅನ್ಸಿ ಲೆಕ್ಕ ಹಾಕಿದಾಗ ಸೂಪರ್ ಮಾರ್ಕೆಟ್ಟಿಗಿಂತ ಜಾಸ್ತಿ ಆಗಿರೋದನ್ನ ಎಷ್ಟೋ ಸಲ ನೋಡಿದೀನಿ.

ಜೊತೆಗೆ ತಗೊಂಡು ಹೋಗ್ಬೇಕಾದ್ದು ಎರಡೇ, ಒಂದು ಸಣ್ಣ ಮ್ಯಾಗ್ನೆಟ್, ಇನ್ನೊಂದು ಟಾರ್ಚ್ ಇರೋ ಫೋನ್. ಹೋಗೋ ಟೈಮ್ ವಿಷಯಕ್ಕೆ ಬಂದ್ರೆ, ಹೊಸ ಲೋಡ್ ಯಾವತ್ತು ಬರತ್ತೆ ಅಂತ ಅಲ್ಲಿ ಶೆಲ್ಫ್ ಜೋಡಿಸೋರನ್ನೇ ಕೇಳಿ, ವಿನಯವಾಗಿ ಕೇಳಿದ್ರೆ ಹೇಳ್ತಾರೆ, ಮಾರನೇ ದಿನ ಬೆಳಿಗ್ಗೆ ಹೋಗಿ. ವೀಕೆಂಡ್ ಸಂಜೆ ಹೋದ್ರೆ ಜನ ಕೆದಕಿ ಬಿಟ್ಟಿರೋದಷ್ಟೇ ಸಿಗೋದು. ದೊಡ್ಡ ಹಬ್ಬ ಮುಗಿದ ಮೊದಲ ಎರಡು ವಾರ ಚಾಕೊಲೇಟ್, ಬಿಸ್ಕತ್ ಟಿನ್ನು, ಬೇಕಿಂಗ್ ಸಾಮಾನಿಗೆ ಒಳ್ಳೆ ಕಾಲ.

ಮೊದಲು ಡೇಟ್ ಓದೋದು ಕಲೀಬೇಕು

ಬೆಸ್ಟ್ ಬಿಫೋರ್ ಬೇರೆ, ಯೂಸ್ ಬೈ ಬೇರೆ. ಬೆಸ್ಟ್ ಬಿಫೋರ್ ಅಂದ್ರೆ ಆ ತಾರೀಖಿನವರೆಗೆ ರುಚಿ, ಗರಿ, ಬಣ್ಣ ಎಲ್ಲ ಹೇಳಿದ ಹಾಗೇ ಇರತ್ತೆ ಅಂತ ಕಂಪನಿ ಕೊಡೋ ಮಾತು, ಆಮೇಲೆ ನಿಧಾನಕ್ಕೆ ಇಳಿಯತ್ತೆ ಅಷ್ಟೇ. ಯೂಸ್ ಬೈ ಅಂತ ಹಾಕೋದು ಬೇಗ ಕೆಡೋ ಮಾಲಿಗೆ, ಅದು ಸುರಕ್ಷತೆ ವಿಷಯ, ಅಲ್ಲಿ ಒಂದು ದಿನ ಕೂಡ ಚೌಕಾಸಿ ಬೇಡ. ಒಣ ಪಾಸ್ತಾ, ಉಪ್ಪು, ವಿನೆಗರ್, ಜೇನುತುಪ್ಪ, ಡಾರ್ಕ್ ಚಾಕೊಲೇಟ್ ಇವೆಲ್ಲ ಬೆಸ್ಟ್ ಬಿಫೋರ್ ಹತ್ತಿರ ಬಂದ್ರೂ ನಾನು ಧೈರ್ಯವಾಗಿ ತಗೋತೀನಿ. ಎಣ್ಣೆ, ಬೀಜಗಳು, ಬಾದಾಮಿ ಹಿಟ್ಟು, ಗೋಧಿ ತೌಡು, ಪುಡಿ ಮಾಡಿದ ಮಸಾಲೆ, ಕಾಫಿ ಪುಡಿ ಇವು ಡೇಟಿಗೆ ಇನ್ನೂ ಆರು ತಿಂಗಳಿದ್ರೂ ಅನುಮಾನದಿಂದಲೇ ನೋಡ್ತೀನಿ. ಮಗುವಿಗೆ ಕೊಡೋ ಹಾಲಿನ ಪುಡಿ ಮಾತ್ರ ಯಾವ ಕಾರಣಕ್ಕೂ ಡೇಟ್ ದಾಟಿದ್ದು ತಗೋಬೇಡಿ, ಅದರಲ್ಲಿರೋ ಪೋಷಕಾಂಶದ ಲೆಕ್ಕ ಆ ತಾರೀಖಿಗೆ ಕಟ್ಟಿರೋದು.

ಕೆಲವು ಡಬ್ಬಿಗಳ ಮೇಲೆ ತಾರೀಖು ಇರಲ್ಲ, ಬರೀ ಲಾಟ್ ಕೋಡ್, ಅಂದ್ರೆ ಯಾವ ಬ್ಯಾಚಲ್ಲಿ ತಯಾರಾಯ್ತು ಅನ್ನೋ ಗುರುತು, ಇರತ್ತೆ. ಅದರಲ್ಲಿ ಮೂರು ಅಂಕಿ ಒಟ್ಟಿಗೆ ಬಂದ್ರೆ ಬಹಳ ಸಲ ಅದು ವರ್ಷದ ಎಷ್ಟನೇ ದಿನ ಅಂತ, 045 ಅಂದ್ರೆ ಫೆಬ್ರವರಿ 14, 274 ಅಂದ್ರೆ ಅಕ್ಟೋಬರ್ 1, ಅದರ ಹಿಂದೆನೋ ಮುಂದೆನೋ ಇರೋ ಅಂಕಿ ವರ್ಷ. ಎಲ್ಲ ಕಂಪನಿಯೂ ಹೀಗೇ ಬರೆಯತ್ತೆ ಅಂತಿಲ್ಲ, ಆದ್ರೆ ಒಂದೇ ಶೆಲ್ಫಲ್ಲಿ ಎರಡು ಬೇರೆ ಕೋಡ್ ಇರೋ ಡಬ್ಬಿ ಸಿಕ್ಕಿದ್ರೆ ಯಾವುದು ಹೊಸದು ಅಂತ ಆರಿಸ್ಕೊಳ್ಳೋಕಾದ್ರೂ ಇದು ಸಾಕು. ಹಿಂದಿನ ಸಾಲಿಗೆ ಕೈ ಹಾಕೋದು ಮರೀಬೇಡಿ, ಮುಂದೆ ಹಳೇದು ಇಟ್ಟು ಹಿಂದೆ ಹೊಸದು ಇಡೋದು ಅಂಗಡಿ ರೂಢಿ.

ಆಲಿವ್ ಎಣ್ಣೆ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಇಂಥ ಅಂಗಡಿಲಿ ಜನ ಆಸೆಪಟ್ಟು ತಗೊಳ್ಳೋದೂ ಇದನ್ನೇ, ಮೋಸ ಹೋಗೋದೂ ಇದರಲ್ಲೇ. ಎಕ್ಸ್ಟ್ರಾ ವರ್ಜಿನ್ ಅಂದ್ರೆ ಕಾಯಿಯನ್ನ ಅರೆದು ಬೇರೆ ರಾಸಾಯನಿಕ ಹಾಕದೆ ತೆಗೆದ ಎಣ್ಣೆ, ಅದರ ಫ್ರೀ ಆಸಿಡಿಟಿ (ಎಣ್ಣೆ ಒಡೆದು ಬಿಡಿಯಾಗಿರೋ ಆಮ್ಲದ ಪ್ರಮಾಣ) 0.8 ಪರ್ಸೆಂಟ್ ದಾಟಬಾರದು, ರುಚಿಯಲ್ಲಿ ದೋಷ ಇರಬಾರದು. "ಪ್ಯೂರ್", "ಲೈಟ್" ಅಂತ ಬರೆದಿದ್ರೆ ಅದು ರಿಫೈನ್ ಮಾಡಿದ ಎಣ್ಣೆ ಬೆರೆತಿದ್ದು, "ಲೈಟ್" ಅಂದಿದ್ದು ಬಣ್ಣಕ್ಕೂ ರುಚಿಗೂ, ಕ್ಯಾಲೊರಿ ಅಷ್ಟೇ ಇರತ್ತೆ. "ಪೊಮಾಸ್" ಅಂದ್ರೆ ಎಣ್ಣೆ ತೆಗೆದ್ಮೇಲೆ ಉಳಿದ ಹಿಂಡಿಯಿಂದ ಸಾಲ್ವೆಂಟ್ ಹಾಕಿ ತೆಗೆದಿದ್ದು. ಇವನ್ನ ಕರಿಯೋಕೆ ತಗೊಂಡ್ರೆ ತಪ್ಪಿಲ್ಲ, ಎಕ್ಸ್ಟ್ರಾ ವರ್ಜಿನ್ ರೇಟ್ ಕೊಟ್ಟು ತಗೊಂಡ್ರೆ ತಪ್ಪು.

ಎಣ್ಣೆಗೆ ಮೂರು ಶತ್ರು, ಬೆಳಕು, ಬಿಸಿ, ಗಾಳಿ. ಅದಕ್ಕೇ ಕಪ್ಪು ಹಸಿರು ಬಾಟ್ಲಿ ಇಲ್ಲಾ ಟಿನ್ ನೋಡಿ, ಬಿಳಿ ಗಾಜಿನ ಬಾಟ್ಲಿ ಎಷ್ಟೇ ಚಂದ ಇದ್ರೂ ಬಿಡಿ, ಅದರಲ್ಲೂ ಕಿಟಕಿ ಪಕ್ಕದ ಶೆಲ್ಫ್, ಟ್ಯೂಬ್ ಲೈಟ್ ಕೆಳಗಿನ ಮೇಲಿನ ಸಾಲು ಇದ್ರೆ ಕೈಯೇ ಹಾಕ್ಬೇಡಿ. ಒಂದ್ಸಲ ನಾನು ಹಾಗೇ ಒಂದು ಬಾಟ್ಲಿ ತಂದಿದ್ದೆ, ಬೆಸ್ಟ್ ಬಿಫೋರ್ ಇನ್ನೂ ಎಂಟು ತಿಂಗಳಿತ್ತು, ಬಣ್ಣ ಬಂಗಾರದ ಥರ, ಮನೇಲಿ ಮುಚ್ಚಳ ತೆಗೆದ ತಕ್ಷಣ ಬಂದಿದ್ದು ಮಕ್ಕಳ ಮೇಣದ ಬಣ್ಣದ ಕಡ್ಡಿ ವಾಸನೆ. ನಾಲಿಗೆಗೆ ಹಚ್ಕೊಂಡ್ರೆ ಹಳೇ ಅಕ್ರೋಟ್ ತಿಂದ ಹಾಗೆ ಕಮಟು, ಜಿಡ್ಡು ಬಾಯಲ್ಲೇ ಉಳೀತು. ಅದೇ ಒಳ್ಳೆ ಎಣ್ಣೆ ಆದ್ರೆ ಕೊಯ್ದ ಹುಲ್ಲಿನ ಥರ, ಹಸಿ ಟೊಮೆಟೊ ಎಲೆ ಥರ ವಾಸನೆ ಬರತ್ತೆ, ನುಂಗಿದ್ಮೇಲೆ ಗಂಟಲಲ್ಲಿ ಕಾಳುಮೆಣಸಿನ ಹಾಗೆ ಚುರ್ ಅಂದು ಒಂದು ಸಣ್ಣ ಕೆಮ್ಮು ಬರತ್ತೆ, ಆ ಕೆಮ್ಮು ದೋಷ ಅಲ್ಲ, ಎಣ್ಣೆ ತಾಜಾ ಅನ್ನೋದಕ್ಕೆ ಗುರುತು, ಅದು ಅದರಲ್ಲಿರೋ ಓಲಿಯೊಕ್ಯಾಂಥಾಲ್ ಅನ್ನೋ ವಸ್ತುವಿಂದ ಬರೋದು.

ಅದರಿಂದ ನಾನು ಈಗ ಹುಡುಕೋದು ಬೆಸ್ಟ್ ಬಿಫೋರ್ ಅಲ್ಲ, ಹಾರ್ವೆಸ್ಟ್ ಡೇಟ್. ಕೊಯ್ಲಿನ ತಿಂಗಳು ವರ್ಷ ಹಾಕಿರೋ ಬಾಟ್ಲಿ ಡಿಸ್ಕೌಂಟ್ ಅಂಗಡಿಲೂ ಸಿಗತ್ತೆ, ಹೊಸ ಕೊಯ್ಲಿನ ಎಣ್ಣೆ ಬಂದಾಗ ಹಿಂದಿನ ವರ್ಷದ್ದನ್ನ ಖಾಲಿ ಮಾಡ್ತಾರೆ. ಕೊಯ್ದು ಒಂದು ವರ್ಷ ಚಿಲ್ರೆ ಆಗಿದ್ರೆ, ಟಿನ್ನಲ್ಲಿದ್ರೆ, ಮನೇಲಿ ಎರಡು ತಿಂಗಳಲ್ಲಿ ಮುಗಿಯೋ ಅಷ್ಟು ತಗೋಬಹುದು.

ಟ್ರಫಲ್ (ಮಣ್ಣಿನೊಳಗೆ ಬೆಳೆಯೋ ದುಬಾರಿ ಅಣಬೆ) ಎಣ್ಣೆ ಬಗ್ಗೆ ಒಂದೇ ಮಾತು. ಅದರ ಬಹುಪಾಲು ಬಾಟ್ಲಿಗಳಲ್ಲಿ ಆ ಘಮ ಬರೋದು 2,4-ಡೈಥಯಾಪೆಂಟೇನ್ ಅನ್ನೋ ಲ್ಯಾಬಲ್ಲಿ ಮಾಡಿದ ವಸ್ತುವಿಂದ, ಲೇಬಲ್ಲಲ್ಲಿ "ಟ್ರಫಲ್ ಅರೋಮಾ", "ಫ್ಲೇವರ್" ಅಂತ ಬರೆದಿರತ್ತೆ. ಇಷ್ಟ ಇದ್ರೆ ತಗೊಳ್ಳಿ, ಆದ್ರೆ ಅದು ಅರ್ಧ ರೇಟಿಗೆ ಸಿಕ್ಕಿದ್ರೂ ಟ್ರಫಲ್ ಅಗ್ಗಕ್ಕೆ ಸಿಕ್ತು ಅಂತ ಅಂದ್ಕೋಬೇಡಿ.

ಬಾಲ್ಸಮಿಕ್, ಚೀಸ್, ಚಾಕೊಲೇಟ್ ಮತ್ತೆ ಮಿಕ್ಕಿದ್ದು

ಬಾಲ್ಸಮಿಕ್ ವಿನೆಗರಲ್ಲಿ ಎರಡು ಜಾತಿ ಇದೆ ಅಂತ ತಿಳ್ಕೊಂಡ್ರೆ ಅರ್ಧ ಗೊಂದಲ ಹೋಗತ್ತೆ. ಇಟಲಿಯ ಮೊಡೆನಾದ "ಟ್ರಡಿಜಿಯೊನಾಲೆ" ಅನ್ನೋದು ಬರೀ ದ್ರಾಕ್ಷಿ ರಸ ಕಾಯಿಸಿ ಮರದ ಪೀಪಾಯಿಯಲ್ಲಿ ಕಮ್ಮಿ ಅಂದ್ರೂ 12 ವರ್ಷ ಇಟ್ಟಿದ್ದು, "ಎಕ್ಸ್ಟ್ರಾವೆಕ್ಕಿಯೊ" ಅಂದ್ರೆ 25 ವರ್ಷ, ಅದು 100 ಎಂಎಲ್ ಬಾಟ್ಲಿಲಿ, ಕೆಂಪು ಹಳದಿ ಡಿಒಪಿ (ಮೂಲ ಊರನ್ನ ಖಾತ್ರಿ ಮಾಡೋ ಯುರೋಪಿನ ಗುರುತು) ಮುದ್ರೆ ಜೊತೆ ಬರತ್ತೆ. ಅದು ಡಿಸ್ಕೌಂಟ್ ಅಂಗಡಿಲಿ ಸಿಗೋದು ಅಪರೂಪ. ಸಿಗೋದು ನೀಲಿ ಹಳದಿ ಐಜಿಪಿ (ಅಂಥದ್ದೇ ಗುರುತು, ಆದ್ರೆ ನಿಯಮ ಸಡಿಲ) ಮುದ್ರೆದು, ದ್ರಾಕ್ಷಿ ರಸಕ್ಕೆ ವೈನ್ ವಿನೆಗರ್ ಸೇರಿಸಿದ್ದು, ಕನಿಷ್ಠ 60 ದಿನ ಇಟ್ಟಿದ್ರೆ ಸಾಕು. ಅದರಲ್ಲೂ ಒಳ್ಳೆದು ಕೆಟ್ಟದ್ದು ಇದೆ: ಪದಾರ್ಥಗಳ ಪಟ್ಟಿಲಿ ದ್ರಾಕ್ಷಿ ರಸ ಮೊದಲು ಬಂದಿದ್ರೆ ಗಟ್ಟಿ, ಸಿಹಿ ಇರತ್ತೆ, ವೈನ್ ವಿನೆಗರ್ ಮೊದಲು ಬಂದಿದ್ರೆ ತೆಳು, ಹುಳಿ ಜಾಸ್ತಿ. ಬಾಟ್ಲಿ ಮೇಲೆ ದೊಡ್ಡದಾಗಿ ಒಂದು ನಂಬರ್ ಬರೆದಿದ್ರೆ ಅದನ್ನ ವರ್ಷ ಅಂತ ಓದ್ಬೇಡಿ. ವಿನೆಗರ್ ಕೆಡೋ ವಸ್ತು ಅಲ್ಲವಾದ್ದರಿಂದ ಇಂಥ ಅಂಗಡಿಲಿ ಕಣ್ಮುಚ್ಚಿ ತಗೋಬಹುದಾದ ಸಾಲಿನಲ್ಲಿ ನಾನು ಇದನ್ನ ಮೊದಲು ಇಡ್ತೀನಿ.

ಪಾರ್ಮಿಜಾನೊ ರೆಜಾನೊ ಚೀಸ್ ಆದ್ರೆ ತೊಗಟೆ ನೋಡಿ, ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಹೆಸರು ಒತ್ತಿರತ್ತೆ, ತುಂಡಲ್ಲಿ ಸ್ವಲ್ಪ ಭಾಗ ಆದ್ರೂ ಕಾಣಿಸ್ಬೇಕು. ಹಾಲು, ಉಪ್ಪು, ರೆನೆಟ್ (ಹಾಲು ಗಟ್ಟಿ ಮಾಡೋ ಕಿಣ್ವ) ಈ ಮೂರು ಬಿಟ್ಟು ಬೇರೆ ಏನೂ ಇರಬಾರದು, 12 ತಿಂಗಳಾದ್ರೂ ಹಣ್ಣಾಗಿರ್ಬೇಕು. ಒಳಗಡೆ ಬಿಳಿ ಹರಳಿನ ಚುಕ್ಕಿ ಕಂಡ್ರೆ ಬೂಸ್ಟು ಅಂತ ಹೆದರಬೇಡಿ, ಅದು ಚೀಸ್ ಚೆನ್ನಾಗಿ ಹಣ್ಣಾದಾಗ ಕಟ್ಟೋ ಟೈರೊಸಿನ್ ಹರಳು, ಹಲ್ಲಿಗೆ ಕರಕರ ಅನ್ನತ್ತೆ. ವ್ಯಾಕ್ಯೂಮ್ ಪ್ಯಾಕ್ ಉಬ್ಬಿದ್ರೆ, ಒಳಗೆ ಗಾಳಿ ಆಡ್ತಿದ್ರೆ ಬಿಡಿ. ಮೃದು ಚೀಸನ್ನ ನಾನು ಇಂಥ ಅಂಗಡಿಲಿ ತಗೊಳ್ಳೋದೇ ಇಲ್ಲ, ಅಲ್ಲಿಗೆ ಬರೋ ಮುಂಚೆ ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ಹೊರಗಿತ್ತು ಅಂತ ಹೇಳೋರು ಯಾರೂ ಇರಲ್ಲ. ಫ್ರಿಜ್ಜಲ್ಲೇ ಇಡಿ ಅಂತ ಲೇಬಲ್ ಮೇಲೆ ಬರೆದಿರೋ ಯಾವ ಡಬ್ಬಿನೂ, ಉಪ್ಪು ಹಾಕಿದ ಆಂಚೊವಿ ಮೀನು ಸೇರಿ, ಹೊರಗಿನ ಶೆಲ್ಫಲ್ಲಿ ಕೂತಿದ್ರೆ ಮುಟ್ಟಬೇಡಿ.

ಚಾಕೊಲೇಟ್ ಮಾತ್ರ ನಿಜವಾದ ಹಬ್ಬ. ಮೇಲೆ ಬೂದು ಬಿಳುಪು ಪದರ ಬಂದಿದ್ದಕ್ಕೇ ಜನ ಬಿಟ್ಟು ಹೋಗಿರ್ತಾರೆ. ಅದು ಬೂಸ್ಟಲ್ಲ, ಬ್ಲೂಮ್. ಚಾಕೊಲೇಟ್ ಬಿಸಿಗೆ ಮೆತ್ತಗಾಗಿ ಮತ್ತೆ ಗಟ್ಟಿಯಾದಾಗ ಕೋಕೋ ಬೆಣ್ಣೆ ಮೇಲೆ ಬಂದು ಹರಳು ಕಟ್ಟತ್ತೆ, ಒಳ್ಳೆ ಚಾಕೊಲೇಟಿನ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆಲ್ಲ ಕರಗೋದ್ರಿಂದ ಒಂದು ಬಿಸಿ ಲಾರಿ ಪ್ರಯಾಣ ಸಾಕು. ತಿನ್ನೋಕೆ ಏನೂ ಅಪಾಯ ಇಲ್ಲ, ಬಾಯಲ್ಲಿ ಸ್ವಲ್ಪ ಪುಡಿಪುಡಿ ಅನ್ಸತ್ತೆ, ಆದ್ರೆ ಕೇಕಿಗೆ, ಸಾಸಿಗೆ, ಬಿಸಿ ಹಾಲಿಗೆ ಕರಗಿಸಿದ್ರೆ ವ್ಯತ್ಯಾಸವೇ ಗೊತ್ತಾಗಲ್ಲ. ಮುಟ್ಟಿದ್ರೆ ಒರಟಾಗಿ ಮರಳಿನ ಥರ ಇದ್ದು ಉಜ್ಜಿದ್ರೂ ಹೋಗದೆ ಇದ್ರೆ ಅದು ತೇವದಿಂದ ಬಂದ ಸಕ್ಕರೆ ಬ್ಲೂಮ್, ಅದೂ ಅಡುಗೆಗೆ ನಡೆಯತ್ತೆ. ನೋಡ್ಬೇಕಾದ್ದು ಪದಾರ್ಥ: ಕೋಕೋ ಬೆಣ್ಣೆ ಬದಲು ಬೇರೆ ವೆಜಿಟೇಬಲ್ ಫ್ಯಾಟ್ ಹೆಸರು ಮುಂದಿದ್ರೆ ಅದು ಕಾಂಪೌಂಡ್, ಅಂದ್ರೆ ಅಗ್ಗದ ಬದಲಿ ಚಾಕೊಲೇಟ್, ಅದಕ್ಕೆ ಯಾವ ಡಿಸ್ಕೌಂಟೂ ಸಾಲದು. ನಟ್ಸ್ ಇರೋ ಚಾಕೊಲೇಟ್ ಹಳೇದಾಗಿದ್ರೆ ಬೇಡ, ಚಾಕೊಲೇಟಿಗಿಂತ ಮುಂಚೆ ಬೀಜ ಕಮಟಾಗತ್ತೆ.

ಒಣ ಪಾಸ್ತಾದಲ್ಲಿ ಮೈ ನೋಡಿ. ಕಂಚಿನ ಅಚ್ಚಲ್ಲಿ ಒತ್ತಿದ್ದು ಮಾಸಲು ಬಿಳುಪು, ಹಿಟ್ಟು ಉದುರಿಸಿದ ಹಾಗೆ ಒರಟು, ಅದಕ್ಕೆ ಸಾಸ್ ಅಂಟ್ಕೊಳ್ಳತ್ತೆ. ನುಣ್ಣಗೆ ಹಳದಿಯಾಗಿ ಹೊಳೀತಿದ್ರೆ ಟೆಫ್ಲಾನ್ ಅಚ್ಚಿಂದು. ಪ್ರೋಟೀನ್ 100 ಗ್ರಾಮಿಗೆ 13, 14 ಇದ್ರೆ ಬೇಯಿಸುವಾಗ ಮುದ್ದೆ ಆಗಲ್ಲ. ಪೊಟ್ಟಣ ಕಿಟಕಿ ಥರ ಪಾರದರ್ಶಕ ಇದ್ರೆ ಮೂಲೆಲಿ ಪುಡಿ, ಸಣ್ಣ ಹುಳ ಇದ್ಯಾ ಅಂತ ಟಾರ್ಚ್ ಹಾಕಿ ನೋಡಿ.

ಟಿನ್ ಮೀನಲ್ಲಿ ಆಲಿವ್ ಎಣ್ಣೆಲಿರೋ ಸಾರ್ಡೀನ್ ಇಡ್ತಾ ಇಡ್ತಾ ಮೃದುವಾಗಿ ರುಚಿ ಏರತ್ತೆ, ಹಳೇ ಸ್ಟಾಕ್ ಅಂತ ಅಗ್ಗಕ್ಕೆ ಕೊಟ್ರೆ ಸಂತೋಷವಾಗಿ ತಗೊಳ್ಳಿ. ಆದ್ರೆ ಯಾವುದೇ ಟಿನ್ ಉಬ್ಬಿದ್ರೆ, ಸೋರಿದ್ರೆ, ಮೇಲಿನ ಕೆಳಗಿನ ಅಂಚಿನ ಜೋಡಣೆ ಜಾಗದಲ್ಲಿ ಇಲ್ಲಾ ಪಕ್ಕದ ಹೊಲಿಗೆ ಮೇಲೆ ನಜ್ಜಾಗಿದ್ರೆ ಬೇಡವೇ ಬೇಡ, ಅಲ್ಲಿ ಕಣ್ಣಿಗೆ ಕಾಣದ ಬಿರುಕಿದ್ರೆ ಬಾಟುಲಿಸಮ್ ಅನ್ನೋ ಮಾರಕ ವಿಷಬಾಧೆ ತರೋ ಬ್ಯಾಕ್ಟೀರಿಯಾಕ್ಕೆ ದಾರಿ, ಅದರ ವಿಷಕ್ಕೆ ವಾಸನೆ ರುಚಿ ಇರಬೇಕು ಅಂತೇನಿಲ್ಲ. ಮಧ್ಯದಲ್ಲಿ ಸಣ್ಣ ತಗ್ಗು ಬಿದ್ದಿದ್ರೆ ಪರವಾಗಿಲ್ಲ. ಗಾಜಿನ ಜಾರಿನ ಮುಚ್ಚಳದ ನಡುವೆ ಬೆರಳಿಂದ ಒತ್ತಿ, ಟಿಕ್ ಅಂತ ಮೇಲೆ ಕೆಳಗೆ ಆಡಿದ್ರೆ ಸೀಲ್ ಹೋಗಿದೆ.

ಜೇನು ಹರಳುಗಟ್ಟಿದ್ರೆ ಕೆಟ್ಟಿಲ್ಲ, ಬೆಚ್ಚಗಿನ ನೀರಲ್ಲಿ ಜಾರ್ ಇಟ್ರೆ ಕರಗತ್ತೆ. ಮೇಪಲ್ ಸಿರಪ್ಪಲ್ಲಿ ಪದಾರ್ಥ ಒಂದೇ ಇರ್ಬೇಕು, ಸುಮಾರು 40 ಲೀಟರ್ ಮರದ ರಸ ಕಾಯಿಸಿದ್ರೆ 1 ಲೀಟರ್ ಆಗೋದು, ಅಷ್ಟು ಅಗ್ಗಕ್ಕೆ ಸಿಗ್ತಿದೆ ಅಂದ್ರೆ ಕಾರ್ನ್ ಸಿರಪ್ಪಿಗೆ ಬಣ್ಣ ಹಾಕಿರೋದು ಅಂತ ಪಟ್ಟಿ ಓದಿದ್ರೆ ಗೊತ್ತಾಗತ್ತೆ. ವೆನಿಲ್ಲಾ ಕಾಯಿ ಬಗ್ಗಿಸಿದ್ರೆ ಬಗ್ಗಬೇಕು, ಕಡ್ಡಿ ಥರ ಮುರೀಬಾರದು, ಮೇಲೆ ಮಿನುಗೋ ಸೂಜಿಯಂಥ ಹರಳಿದ್ರೆ ಅದು ವೆನಿಲಿನ್, ಮಂಕಾಗಿ ನಯವಾದ ನಾರಿನಂತೆ ಹರಡಿದ್ರೆ ಬೂಸ್ಟು. ಕೇಸರಿ ಎಸಳಲ್ಲೇ ತಗೊಳ್ಳಿ, ಪುಡಿ ಬೇಡ. ನಿಜವಾದ್ದನ್ನ ಬೆಚ್ಚಗಿನ ನೀರಿಗೆ ಹಾಕಿದ್ರೆ ನಿಧಾನಕ್ಕೆ ಹಳದಿ ಬಿಡತ್ತೆ, ಎಸಳು ಕೆಂಪಾಗೇ ಇರತ್ತೆ, ಹಾಕಿದ ಕೂಡ್ಲೇ ನೀರು ಕೆಂಪಾಗಿ ಎಸಳು ಬೆಳ್ಳಗಾದ್ರೆ ಬಣ್ಣ ಹಾಕಿದ್ದು. ಕಾಫಿ ಬೀಜಕ್ಕೆ ರೋಸ್ಟ್ ಮಾಡಿದ ತಾರೀಖು ಇಲ್ದಿದ್ರೆ ನಾನು ಬಿಟ್ಟುಬಿಡ್ತೀನಿ.

ಪಾತ್ರೆ ಸಾಲಿನಲ್ಲಿ

ತಿನಿಸಲ್ಲಿ ತಪ್ಪಾದ್ರೆ ಒಂದು ಬಾಟ್ಲಿ ಹೋಗತ್ತೆ, ಪಾತ್ರೆಲಿ ತಪ್ಪಾದ್ರೆ ಹತ್ತು ವರ್ಷ ಅದರ ಜೊತೆ ಒದ್ದಾಡ್ಬೇಕು, ಸರಿಯಾಗಿ ಸಿಕ್ಕಿದ್ರೆ ಮಕ್ಕಳ ಕಾಲಕ್ಕೂ ಉಳಿಯತ್ತೆ, ಅದಕ್ಕೇ ಇಲ್ಲಿ ಟೈಮ್ ಕೊಡಿ.

ಸ್ಟೀಲ್ ಪಾತ್ರೆ ತಳ ತಿರುಗಿಸಿ ನೋಡಿ. 18/10 ಅಂದ್ರೆ 18 ಪರ್ಸೆಂಟ್ ಕ್ರೋಮಿಯಂ, 10 ಪರ್ಸೆಂಟ್ ನಿಕಲ್. 18/8 ಕೂಡ ಅಡುಗೆಗೆ ಏನೂ ಕಮ್ಮಿ ಇಲ್ಲ, 304 ಅಂತ ಬರೆಯೋದು ಅದನ್ನೇ. 18/0ರಲ್ಲಿ ನಿಕಲ್ ಇಲ್ಲ, ಅದಕ್ಕೆ ಮ್ಯಾಗ್ನೆಟ್ ಅಂಟತ್ತೆ, ಉಪ್ಪು ನೀರು ನಿಂತ್ರೆ ಬೇಗ ಕಲೆ ಬೀಳತ್ತೆ. ಬರೀ "ಸ್ಟೇನ್‌ಲೆಸ್" ಅಂತ ಬರೆದು ನಂಬರ್ ಹಾಕದೆ ಇರೋದಕ್ಕೆ ದುಡ್ಡು ಜಾಸ್ತಿ ಕೊಡ್ಬೇಡಿ. ಇಂಡಕ್ಷನ್ ಒಲೆ ಇದ್ರೆ ಮ್ಯಾಗ್ನೆಟ್ ತಳಕ್ಕೆ ಹಿಡಿದು ನೋಡಿ, ಗಟ್ಟಿಯಾಗಿ ಕಚ್ಕೋಬೇಕು, ಮಧ್ಯದಲ್ಲಿ ಮಾತ್ರ ಅಂಟಿ ಅಂಚಲ್ಲಿ ಬಿಟ್ರೆ ಬಿಸಿನೂ ಮಧ್ಯದಲ್ಲೇ ಆಗೋದು.

ಆಮೇಲೆ ಪದರ. ಸ್ಟೀಲ್ ಶಾಖ ಹರಡೋದರಲ್ಲಿ ತುಂಬಾ ಸೋಮಾರಿ, ಅಲ್ಯೂಮಿನಿಯಂ ಅದಕ್ಕಿಂತ 10 ಪಟ್ಟಿಗೂ ಹೆಚ್ಚು ಚೆನ್ನಾಗಿ ಹರಡತ್ತೆ, ಅದಕ್ಕೇ ಒಳ್ಳೆ ಪಾತ್ರೆಲಿ ಎರಡು ಸ್ಟೀಲ್ ಪದರದ ನಡುವೆ ಅಲ್ಯೂಮಿನಿಯಂ ಇಡ್ತಾರೆ. ಟ್ರೈಪ್ಲೈ ಅಂದ್ರೆ ಅದು ತಳದಿಂದ ಬಾಯಿವರೆಗೂ ಇರತ್ತೆ, ಅಂಚನ್ನ ಬೆಳಕಿಗೆ ಹಿಡಿದ್ರೆ ಎಷ್ಟೋ ಪಾತ್ರೆಲಿ ನಡುವಿನ ಮಂಕು ಗೆರೆ ಕಾಣತ್ತೆ. ತಳದಲ್ಲಿ ಮಾತ್ರ ದಪ್ಪ ಬಿಲ್ಲೆ ಕೂರಿಸಿದ್ರೆ ಅದು ಡಿಸ್ಕ್ ತಳ, ನೀರು ಕಾಯಿಸೋಕೆ, ಸಾರು ಕುದಿಸೋಕೆ ಚೆನ್ನಾಗಿದೆ, ಹುರಿಯೋಕೆ ಪಕ್ಕದಲ್ಲಿ ಸೀದುಹೋಗತ್ತೆ. ಹಿಡಿ ಹಿಡಿದು ಅಲ್ಲಾಡಿಸಿ, ರಿವೆಟ್ ಸಡಿಲ ಇದ್ರೆ ಕೈಗೆ ಗೊತ್ತಾಗತ್ತೆ. ಮುಚ್ಚಳ ಹಾಕಿ ನೋಡದೆ ಮಾತ್ರ ಬಿಲ್ ಮಾಡಿಸಬೇಡಿ, ಇಂಥ ಅಂಗಡಿಲಿ ಜನ ತೆಗೆದು ಇಟ್ಟು ಮುಚ್ಚಳ ಅದಲು ಬದಲು ಆಗಿರತ್ತೆ.

ಎರಕದ ಕಬ್ಬಿಣದ ಪಾತ್ರೆ ಸಿಕ್ಕಿದ ದಿನದ ಬಗ್ಗೆ ಹೇಳ್ಲೇಬೇಕು. ಕೆಳಗಿನ ಶೆಲ್ಫಲ್ಲಿ, ಹರಿದ ಪೆಟ್ಟಿಗೆಲಿ, ಮೇಲೆಲ್ಲ ಕಿತ್ತಳೆ ತುಕ್ಕು ಹಿಡಿದ ಒಂದು ಬಾಣಲೆ, ಯಾರೋ ಒದ್ದೆ ಜಾಗದಲ್ಲಿ ಇಟ್ಟಿರ್ಬೇಕು. ನೆಲದ ಮೇಲೆ ಇಟ್ಟು ಅಂಚು ಒತ್ತಿದೆ, ಅಲ್ಲಾಡ್ಲಿಲ್ಲ, ಅಂದ್ರೆ ತಳ ಸೊಟ್ಟಗಾಗಿಲ್ಲ. ಹಿಡಿಯಿಂದ ಎತ್ತಿ ತೂಗಾಡೋ ಹಾಗೆ ಹಿಡಿದು ಗೆಣ್ಣಿಂದ ಕುಟ್ಟಿದೆ, ಗಂಟೆ ಥರ ಠಣ್ ಅಂದು ಸದ್ದು ಸ್ವಲ್ಪ ಹೊತ್ತು ನಿಂತಿತ್ತು. ಬಿರುಕಿದ್ರೆ ಆ ನಾದ ಬರಲ್ಲ, ಡಬ್ ಅಂತ ಸತ್ತ ಸದ್ದು ಬರತ್ತೆ. ತುಕ್ಕು ಎಷ್ಟಿದ್ರೂ ಹೆದರೋ ಅಗತ್ಯ ಇಲ್ಲ, ಬಿರುಕಿಗೆ ಮಾತ್ರ ಮದ್ದಿಲ್ಲ. ಮನೆಗೆ ತಂದು ಸ್ಟೀಲ್ ನಾರಲ್ಲಿ ಉಜ್ಜಿ, ತೊಳೆದು, ಒಲೆ ಮೇಲೆ ಪೂರ್ತಿ ಒಣಗಿಸಿ, ಎಣ್ಣೆ ಹಚ್ಚಿ, ಹಚ್ಚಿಲ್ಲವೇನೋ ಅನ್ನೋ ಹಾಗೆ ಒರೆಸಿ ತೆಗೆದು, 230 ರಿಂದ 250 ಡಿಗ್ರಿ ಓವನಲ್ಲಿ ಬೋರಲು ಹಾಕಿ ಒಂದು ಗಂಟೆ ಇಟ್ಟೆ, ಹೀಗೆ ಮೂರು ಸಲ. ಎಣ್ಣೆ ಆ ಬಿಸಿಗೆ ಗಟ್ಟಿ ಪದರವಾಗಿ ಕಬ್ಬಿಣಕ್ಕೆ ಕಚ್ಕೊಳ್ಳತ್ತೆ. ಎಣ್ಣೆ ಜಾಸ್ತಿ ಉಳಿಸಿದ್ರೆ ಅಂಟಂಟಾಗತ್ತೆ, ಅಲ್ಲೇ ಎಲ್ಲರೂ ತಪ್ಪೋದು. ಈಗ ಅದರಲ್ಲಿ ಮೊಟ್ಟೆ ಹಾಕಿದ್ರೆ ಜಾರತ್ತೆ.

ಎನಾಮೆಲ್ (ಗಾಜಿನಂಥ ಲೇಪ) ಬಳಿದ ಕಬ್ಬಿಣದ ದೊಡ್ಡ ಪಾತ್ರೆಗಳು "ಸೆಕೆಂಡ್ಸ್" ಅಂತ ಬರತ್ತೆ, ಅಂದ್ರೆ ಫ್ಯಾಕ್ಟರಿ ತಪಾಸಣೆಲಿ ನೋಟಕ್ಕೆ ಫೇಲಾಗಿದ್ದು. ಹೊರಗೆ ಬಣ್ಣದಲ್ಲಿ ಒಂದು ಚುಕ್ಕಿ, ಒಂದು ಗುಳ್ಳೆ, ಬಣ್ಣ ಸ್ವಲ್ಪ ಏರುಪೇರು ಇದ್ರೆ ಅದಕ್ಕಿಂತ ಒಳ್ಳೆ ವ್ಯಾಪಾರ ಇಲ್ಲ. ಒಳಗಡೆ ಟಾರ್ಚ್ ಹಾಕಿ, ಬೆರಳಾಡಿಸಿ ನೋಡಿ. ಒಳಗೆ ಉಗುರಿಗೆ ಸಿಗೋ ಅಷ್ಟು ಚೂರು ಎದ್ದಿದ್ರೆ ಬಿಡಿ, ಅದು ಬಿಸಿ ತಣ್ಣಗೆ ಆಗ್ತಾ ಆಗ್ತಾ ಊಟದೊಳಗೆ ಗಾಜಿನ ಚೂರಾಗಿ ಬೀಳತ್ತೆ.

ನಾನ್‌ಸ್ಟಿಕ್ ಬಗ್ಗೆ ನನ್ನ ಅಭಿಪ್ರಾಯ ಏನಂದ್ರೆ, ಅದು ಹೇಗಿದ್ರೂ ಕೆಲವೇ ವರ್ಷ ಬಾಳೋ ಸಾಮಾನು, ಅದಕ್ಕೆ ಡಿಸ್ಕೌಂಟ್ ಅಂಗಡಿನೇ ಸರಿಯಾದ ಜಾಗ, ಆದ್ರೆ ಒಂದು ಗೀರೂ ಇರಬಾರದು, ತಳ ದಪ್ಪ ಇರ್ಬೇಕು. ಆ ಲೇಪ 260 ಡಿಗ್ರಿ ದಾಟಿದ್ರೆ ಹಾಳಾಗೋಕೆ ಶುರುವಾಗತ್ತೆ, ತೆಳು ತಳದ್ದು ಖಾಲಿ ಒಲೆ ಮೇಲೆ ಮರೆತ್ರೆ ಬೇಗ ಅಲ್ಲಿಗೆ ಮುಟ್ಟತ್ತೆ.

ಚಾಕು ಸೆಟ್ ಬೇಡ. ಹನ್ನೆರಡು ಚಾಕು ಮರದ ಸ್ಟ್ಯಾಂಡ್ ಜೊತೆ ಅಗ್ಗಕ್ಕೆ ಸಿಕ್ಕಿದ್ರೂ ಬಳಸೋದು ಎರಡೇ. ಒಂದು 20 ಸೆಂಟಿಮೀಟರ್ ಅಡುಗೆ ಚಾಕು, ಒಂದು ಸಣ್ಣದು, ಬ್ರೆಡ್ ತಿನ್ನೋರಾದ್ರೆ ಗರಗಸದ ಹಲ್ಲಿರೋದು. ಕಣ್ಣಿಗೆ ನೇರ ಹಿಡಿದು ಬೆನ್ನಿಂದ ತುದಿವರೆಗೆ ನೋಡಿ, ಬಾಗಿದ್ರೆ ಕಾಣತ್ತೆ. ಉಕ್ಕು ಹಿಡಿಯ ಕೊನೆವರೆಗೂ ಹೋಗಿದ್ಯಾ ನೋಡಿ. ಎಚ್‌ಆರ್‌ಸಿ ನಂಬರ್ (ಉಕ್ಕು ಎಷ್ಟು ಗಟ್ಟಿ ಅನ್ನೋ ಅಳತೆ) ಬರೆದಿದ್ರೆ 56, 58 ಆಸುಪಾಸು ಮಸೆಯೋಕೆ ಸುಲಭ, ಒರಟು ಕೈಗೂ ತಡ್ಕೊಳ್ಳತ್ತೆ, 60 ದಾಟಿದ್ದು ಹರಿತ ಜಾಸ್ತಿ ದಿನ ಇರತ್ತೆ ಆದ್ರೆ ಮೂಳೆಗೆ ತಾಗಿದ್ರೆ ಚೂರೇಳತ್ತೆ.

ಗಾಜಿನ ಬೇಕಿಂಗ್ ಪಾತ್ರೆಲಿ ಹೆಸರನ್ನ ಅಲ್ಲ, ಗಾಜು ಯಾವುದು ಅಂತ ಓದಿ. ಪೈರೆಕ್ಸ್ ಅನ್ನೋ ಹೆಸರು 1915ರಲ್ಲಿ ಬೋರೊಸಿಲಿಕೇಟ್ ಗಾಜಿನ ಜೊತೆ ಬಂದಿದ್ದು, ಈಗ ಆ ಹೆಸರಲ್ಲಿ ಟೆಂಪರ್ ಮಾಡಿದ ಸೋಡಾ ಲೈಮ್ ಗಾಜಿನ ಪಾತ್ರೆನೂ ಬರತ್ತೆ. ಎರಡೂ ಒಳ್ಳೆದೇ, ಬೋರೊಸಿಲಿಕೇಟ್ ಬಿಸಿಗೆ ಕಮ್ಮಿ ಹಿಗ್ಗೋದ್ರಿಂದ ತಟ್ಟಂತ ಬಿಸಿ ತಂಪು ಆದ್ರೆ ಜಾಸ್ತಿ ತಡ್ಕೊಳ್ಳತ್ತೆ, ಟೆಂಪರ್ ಮಾಡಿದ್ದು ಕೈಜಾರಿ ಬಿದ್ರೆ ಸ್ವಲ್ಪ ಗಟ್ಟಿ. ಅಂಚಲ್ಲಿ ಚಿಕ್ಕ ಚಕ್ಕೆ ಎದ್ದಿದ್ರೂ ಎರಡೂ ಬೇಡ. ಪಿಂಗಾಣಿ ಬಟ್ಟಲು ತಟ್ಟೆಗಳ ಹಿಂದೆ "ಅಲಂಕಾರಕ್ಕೆ ಮಾತ್ರ" ಅಂತ ಸಣ್ಣ ಅಕ್ಷರದಲ್ಲಿದ್ರೆ ಊಟಕ್ಕೆ ಬಳಸಬೇಡಿ, ಅದರ ಹೊಳಪು ಲೇಪದಲ್ಲಿ ಸೀಸ ಇರಬಹುದು.

ಮಿಕ್ಸಿ, ಪ್ರೊಸೆಸರ್, ಕಾಫಿ ಮೆಷಿನ್ ಥರದ್ದಾದ್ರೆ ಪೆಟ್ಟಿಗೆ ಅಲ್ಲೇ ತೆಗೆಸಿ ಚಿತ್ರ ನೋಡ್ಕೊಂಡು ಒಂದೊಂದೇ ಪಾರ್ಟ್ ಎಣಿಸಿ, ರಬ್ಬರ್ ವಾಷರ್ ಸಮೇತ. ತಳದಲ್ಲಿ ವೋಲ್ಟೇಜ್ ಓದಿ, ಬೇರೆ ದೇಶಕ್ಕೆ ಮಾಡಿದ ಸ್ಟಾಕ್ ಬಂದಿರತ್ತೆ, 110ರಿಂದ 120 ವೋಲ್ಟಿನ ಮೆಷಿನ್ನನ್ನ 220ರಿಂದ 240ರ ಸಾಕೆಟ್ಟಿಗೆ ಹಾಕಿದ್ರೆ ಸುಟ್ಟುಹೋಗತ್ತೆ, ಪ್ಲಗ್ ಬದಲಾಯಿಸಿದ್ರೆ ಸರಿಹೋಗಲ್ಲ. ಅಲ್ಲೇ ಆನ್ ಮಾಡಿ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ.

ಬಿಲ್ ಮಾಡೋ ಮುಂಚೆ ಬುಟ್ಟಿನ ಒಂದು ಕಡೆ ಇಟ್ಟು ಒಂದೊಂದನ್ನೂ ಮತ್ತೆ ನೋಡ್ತೀನಿ, ಈ ವಾರ ಇದನ್ನ ಯಾವ ಅಡುಗೆಗೆ ಬಳಸ್ತೀನಿ ಅಂತ ಹೊಳೀದೆ ಇದ್ರೆ ವಾಪಸ್ ಇಡ್ತೀನಿ. ವಾಪಸ್ ತಗೊಳ್ಳೋ ನಿಯಮ ಕೇಳಿ, ಕ್ಲಿಯರೆನ್ಸ್ ಮಾಲು ಬಹಳ ಕಡೆ ವಾಪಸ್ ತಗೊಳ್ಳಲ್ಲ. ಇನ್ನು ಇಷ್ಟವಾದ ತಿನಿಸು ಏನಾದ್ರೂ ಹತ್ತಾರು ಡಬ್ಬಿ ಇದೆ, ಎಲ್ಲ ಬಾಚ್ಕೋಬೇಕು ಅನ್ಸಿದ್ರೆ ಮೊದಲು ಒಂದೇ ಒಂದಕ್ಕೆ ಬಿಲ್ ಮಾಡಿಸಿ ಹೊರಗೆ ಬನ್ನಿ, ಅಲ್ಲೇ ಮುಚ್ಚಳ ತೆಗೆದು ಮೂಸಿ, ಒಂದು ಚೂರು ತಿಂದು ನೋಡಿ. ಚೆನ್ನಾಗಿದ್ರೆ ಆಗಲೇ ಒಳಗೆ ಹೋಗಿ ಬೇಕಾದಷ್ಟು ತಗೊಳ್ಳಿ, ನಾಳೆ ಬಂದ್ರಾಯ್ತು ಅಂತ ಮನೆಗೆ ಹೋದ್ರೆ ಇಂಥ ಅಂಗಡಿಲಿ ಆ ಶೆಲ್ಫಲ್ಲಿ ಬೇರೇನೇ ಇರತ್ತೆ.